ಈಚೆ ದಂಡೆಯ ಐದು ಸ್ಟಾರ್‌ಗಳು

"ಮಾಮಾ, 4.8 ಐತ್ರಿ. ನೂರಾರು ಮಂದಿ ಬರದಾರ. ಇನ್ನೇನ್ ನೋಡೂದು? ಬುಕ್ ಮಾಡಿಬಿಡ್ಲ್ಯಾ?"

"ಎಲ್ಲೈತಿ ಅದು?"

"ಹಂಪಿ ಅಂತ ಹಾಕ್ಯಾರ."

"ಹಾಕ್ಲಿ. ಹೊಳಿ ಆಚಿಕಡೀನೋ, ಈಚಿಕಡೀನೋ?"

ಅಕ್ಕನ ಮಗಳು ಮೊಬೈಲಿನ ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿದಳು. ಗುರುತು ಬಿದ್ದಿದ್ದು ಸಣಾಪುರದ ಹತ್ತಿರ. ಅಂದರೆ ತುಂಗಭದ್ರೆಯ ಈಚೆ ದಂಡೆ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಹಂಪಿ ಇರುವುದು ಆಚೆ ದಂಡೆಯಲ್ಲಿ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ.

ಕನಕಗಿರಿ ತಾಲ್ಲೂಕಿನ ನವಲಿಯ ಆ ಮನೆಯ ಪಡಸಾಲೆಯಲ್ಲಿ ಮಾತು ಶುರುವಾಗಿದ್ದು ಹೀಗೆ. ಆಕೆ ಬೆಂಗಳೂರಿನ ಕಾಲೇಜೊಂದರಲ್ಲಿ ವಾಣಿಜ್ಯ ಪಾಠ ಮಾಡುವವಳು, ರಜೆಗೆ ತಾಯಿಯ ತವರಿಗೆ ಬಂದಿದ್ದಳು. ಜೊತೆಗೆ ಪಾಠ ಮಾಡುವ ಗೆಳತಿಯರು ಹಂಪಿ, ಆನೆಗೊಂದಿ ನೋಡಲು ಬರುವವರಿದ್ದರು. ಅವರಲ್ಲಿ ಒಬ್ಬಾಕೆ ಮಂಡಿನೋವಿನ ತಾಯಿಯನ್ನೂ ಕರೆತರುತ್ತಿದ್ದಳು. ಮಾಮ ಗಂಗಾವತಿಯಿಂದ ಟೂರಿಸ್ಟ್ ಗಾಡಿ ಓಡಿಸುವವನು. "ನಮ್ಮನ್ಯಾಗ ಇಳೀಲಿ ಬಿಡು" ಎಂದು ಮೊದಲೇ ಹೇಳಿದ್ದ. ಅಷ್ಟು ಮಂದಿಗೆ ಜಾಗ ಸಾಲದು, ದಿನಾ ಇಲ್ಲಿಂದ ಹೋಗಿಬರುವುದೂ ದಣಿವು ಎಂದು ಆಕೆಯೇ ಬೇಡ ಅಂದಿದ್ದಳು.

"ಈಚಿಕಡಿ ಇದ್ರೂ ಹತ್ರಾನ ಐತಲ್ರಿ ಮಾಮಾ. ಒಬ್ರು ಬರದಾರ ನೋಡ್ರಿ, ವಿರೂಪಾಕ್ಷ ಗುಡಿಗೆ ಹತ್ತು ನಿಮಿಷ ಅಂತ."

"ಅವ್ರು ಬಂದಿದ್ದು ಯಾವ ತಿಂಗಳು?"

"ಡಿಸೆಂಬರ್."

"ಹಂಗಾರ ಸುಳ್ಳಲ್ಲ ಬಿಡು. ಚಳಿಗಾಲದಾಗ ಬೋಟ್ ಇರ್ತೈತಿ, ದಾಟಿದ್ರ ಗುಡಿ ಮುಂದನ ಇಳೀತೀರಿ. ಸಂಜಿಗೆ ಬೋಟ್ ನಿಂತ್ರ ಬುಕ್ಕಸಾಗರ–ಕಡೇಬಾಗಿಲು ಸೇತುವಿ ಮ್ಯಾಲೆ ಸುತ್ತು ಹಾಕಿ ಬರಬೇಕು, ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್. ಹೊಳಿ ತುಂಬಿದ್ರಂತೂ ಹಗಲೂ ಬೋಟ್ ಇಲ್ಲ."

ಮಾಮನಿಗೆ ನೆನಪಾದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಹೊಳೆದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಡಿಸೆಂಬರಿನಲ್ಲಿ ಸಲೀಸಾಗಿ ಹೊಳೆ ದಾಟಿದವರು ಬರೆದ ಮಾತು ಅಂಥ ಆಗಸ್ಟ್‌ನಲ್ಲಿ ಬರುವವರಿಗೆ ದಾರಿ ತೋರಿಸುವುದಿಲ್ಲ. ರಿವ್ಯೂದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವ ತಿಂಗಳನ್ನು ಹೆಚ್ಚಿನವರು ಓದುವುದೇ ಇಲ್ಲ. ಈ ಸೀಮೆಯ ಮಟ್ಟಿಗೆ ಸ್ಟಾರ್‌ಗಿಂತ ಮೊದಲು ಓದಬೇಕಾದದ್ದು ಅದನ್ನೇ. ಇಲ್ಲಿಯ ಬೇಸಿಗೆಯಲ್ಲಿ ಬಂಡೆಗಳು ರಾತ್ರಿಯವರೆಗೂ ಕಾವು ಬಿಡುತ್ತವೆ. ಜನವರಿಯಲ್ಲಿ ತಂಪಾಗಿದ್ದ ಗುಡಿಸಲು ಏಪ್ರಿಲ್‌ನಲ್ಲಿ ಹೇಗಿರುತ್ತದೆ ಎಂಬುದನ್ನು ಜನವರಿಯ ಅತಿಥಿ ಹೇಗೆ ಹೇಳಿಯಾನು?

"ಅದೆಲ್ಲ ಒಪ್ಪಿದೆ. ನನಗ ಇರೋ ಅನುಮಾನ ಬ್ಯಾರೆ," ಎಂದಳು ಆಕೆ. "ಇದರಾಗ ರೊಕ್ಕ ಕೊಟ್ಟು ಬರಸಿದ್ದು ಎಷ್ಟು ಅನ್ನೂದು."

"ಓದಿದ್ರ ಗೊತ್ತಾಗಂಗಿಲ್ಲೇನು?"

"ಗೊತ್ತಾಗತೈತಿ ಅಂತ ಎಲ್ಲಾರೂ ತಿಳಕೊಂಡಿರ್ತಾರ. ಆಗಂಗಿಲ್ಲ."

ಆಕೆ ಹೇಳಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಯ ಕಥೆ. ಅವರು ಶಿಕಾಗೋದ 20 ಹೋಟೆಲ್‌ಗಳನ್ನು ಆರಿಸಿಕೊಂಡರು. ಟ್ರಿಪ್‌ಅಡ್ವೈಸರ್‌ನಲ್ಲಿ ಅವುಗಳ ಬಗ್ಗೆ ಬಂದಿದ್ದ 400 ಹೊಗಳಿಕೆಯ ರಿವ್ಯೂ ತೆಗೆದುಕೊಂಡರು. ಅವೇ ಹೋಟೆಲ್‌ಗಳ ಬಗ್ಗೆ ಇನ್ನೂ 400 ಸುಳ್ಳು ರಿವ್ಯೂಗಳನ್ನು, ಒಂದೊಂದಕ್ಕೆ ಒಂದು ಡಾಲರ್ ಕೂಲಿ ಕೊಟ್ಟು, ಇಂಟರ್ನೆಟ್‌ನಲ್ಲಿ ಚಿಲ್ಲರೆ ಕೆಲಸ ಮಾಡುವವರಿಂದ ಬರೆಸಿದರು. ಎರಡನ್ನೂ ಕಲಸಿ ಓದಲು ಕೊಟ್ಟಾಗ ಮನುಷ್ಯರ ತೀರ್ಪು ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ಪದಗಳ ಲೆಕ್ಕ ಹಿಡಿದ ಕಂಪ್ಯೂಟರ್ ಮಾತ್ರ ನೂರಕ್ಕೆ ಸುಮಾರು 90 ಪಾಲು ಸರಿಯಾಗಿ ಬೇರ್ಪಡಿಸಿತು.

"ಅದು ಹೆಂಗ ಹಿಡೀತು?"

"ಸುಳ್ಳು ಬರಿಯೋರು ತಮ್ಮ ಬಗ್ಗೆನ ಜಾಸ್ತಿ ಬರೀತಾರಂತ. ನಾನು, ನನ್ನ ಗಂಡ, ನಮ್ಮ ರಜೆ ಅಂತ. ಖರೇನ ಉಳಕೊಂಡೋರು ಜಾಗದ ಬಗ್ಗೆ ಬರೀತಾರ. ಬಾತ್‌ರೂಮ್ ಸಣ್ಣದು, ರೂಮ್ ಎಷ್ಟನೇ ಮಹಡಿ, ಎಲ್ಲಿಂದ ಎಷ್ಟು ದೂರ, ಹಿಂಗ."

ಮಾಮ ತಲೆದೂಗಿದ. "ನಮ್ಮ ಗಂಗಾವತಿ ಅಕ್ಕಿ ವ್ಯಾಪಾರದಾಗೂ ಹಂಗ. ಚೀಲದ ಮ್ಯಾಲಿನ ಹೆಸರು ನೋಡಿ ಯಾರೂ ತಗೊಳ್ಳಂಗಿಲ್ಲ. ಚುಚ್ಚಿ ನಾಲ್ಕು ಕಾಳು ಅಂಗೈಗೆ ಹಾಕ್ಕೊಂಡು ನೋಡ್ತಾರ."

"ಆದ್ರ ಈಗ ಕಾಳೂ ಕಲಬೆರಕಿ ಆಗೇತ್ರಿ. ಆ ಪರೀಕ್ಷೆ ಮಾಡಿದಾಗ ಸುಳ್ಳು ಬರಿಯೋರು ಮನುಷ್ಯರು. ಈಗ ಬಾತ್‌ರೂಮಿನ ವರ್ಣನೆ ಸಹಿತ ಯಂತ್ರಾನ ಬರದು ಕೊಡತೈತಿ."

ಹಾಗಾಗಿ ಬರೆಯುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಕೆಲವು ತಾಣಗಳಲ್ಲಿ ಯಾರು ಬೇಕಾದರೂ ಬರೆಯಬಹುದು. ಕೆಲವು ಕಡೆ ಅಲ್ಲಿಯೇ ಬುಕ್ ಮಾಡಿ ಉಳಿದವರು ಮಾತ್ರ. ಈ ವ್ಯತ್ಯಾಸವನ್ನೇ ಹಿಡಿದು ಮೇಜ್ಲಿನ್, ಡೋವರ್ ಮತ್ತು ಶೆವಲಿಯೇ ಎಂಬ ಮೂವರು ಸಂಶೋಧಕರು 2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾರು ಬೇಕಾದರೂ ಬರೆಯಬಹುದಾದ ಟ್ರಿಪ್‌ಅಡ್ವೈಸರ್ ಮತ್ತು ಬುಕ್ ಮಾಡಿದವರಷ್ಟೇ ಬರೆಯಬಹುದಾದ ಎಕ್ಸ್‌ಪೀಡಿಯಾ, ಎರಡರಲ್ಲೂ ಒಂದೇ ಹೋಟೆಲ್‌ಗೆ ಬಂದ ಸ್ಟಾರ್‌ಗಳನ್ನು ಹೋಲಿಸಿದರು. ಪಕ್ಕದಲ್ಲೇ ಪೈಪೋಟಿಯ ಹೋಟೆಲ್ ಇದ್ದಾಗ, ಅದರಲ್ಲೂ ಆ ಪಕ್ಕದ್ದು ಒಬ್ಬನೇ ಮಾಲೀಕನ ಸಣ್ಣ ಹೋಟೆಲ್ ಆಗಿದ್ದಾಗ, ಮೊದಲ ತಾಣದಲ್ಲಿ ಬೈಗುಳದ ಪಾಲು ಹೆಚ್ಚಿತ್ತು. ಹೊಗಳಿಕೆ ಕೊಳ್ಳಲು ಸಿಗುವ ಹಾಗೆ ಪಕ್ಕದವನ ಮೇಲೆ ಬೈಗುಳವೂ ಕೊಳ್ಳಲು ಸಿಗುತ್ತದೆ.

"ಹಂಗಾರ ಒಂದು ಸ್ಟಾರ್ ಕೊಟ್ಟೋರನ್ನೂ ನಂಬೂದು ಕಷ್ಟ," ಎಂದ ಮಾಮ. ಆ ಮಾತಿನಲ್ಲಿ ಸಂಕಟವಿತ್ತು. ಅವನಿಗೆ ಹೊಳೆದಂಡೆಯ ಸಣ್ಣ ಮಾಲೀಕರು ಗೊತ್ತು. ನಾಲ್ಕು ರೂಮ್ ಕಟ್ಟಿಸಿ, ಮನೆಯ ಹೆಂಗಸರೇ ಅಡುಗೆ ಮಾಡಿ ನಡೆಸುವವರು. ಊರಿಗೆಲ್ಲ ಕರೆಂಟ್ ಹೋದ ರಾತ್ರಿ ಉಳಿದ ಅತಿಥಿ ಒಂದು ಸ್ಟಾರ್ ಕೊಟ್ಟು ಹೋದರೆ, ಎಲ್ಲ ಸೇರಿ ಹತ್ತು ರಿವ್ಯೂ ಇರುವ ಮನೆಯ ಸರಾಸರಿ ಅಲ್ಲಿಗೇ ಕುಸಿಯುತ್ತದೆ. ನೂರಾರು ರಿವ್ಯೂ ಇರುವ ದೊಡ್ಡ ರೆಸಾರ್ಟ್‌ಗೆ ಅದೇ ಒಂದು ಸ್ಟಾರ್ ತಾಗುವುದೂ ಇಲ್ಲ.

ಆಕೆ ಇನ್ನೊಂದು ಮಗ್ಗುಲು ಹೇಳಿದಳು. "ಅಂಥಾ ಮನಿಗಳಿಗೆ ಸ್ಟಾರ್ ಜಾಸ್ತೀನೂ ಬರ್ತಾವ್ರಿ. ಏರ್‌ಬಿಎನ್‌ಬಿ ಮನಿಗಳ ಬಗ್ಗೆ 2015ರಾಗ ಒಂದು ಅಧ್ಯಯನ ಬಂತು. ನೂರಕ್ಕ ತೊಂಬತ್ತೈದರ ಹತ್ರ ಮನಿಗಳ ಸರಾಸರಿ ನಾಲ್ಕೂವರಿ ಇಲ್ಲಾ ಐದು. ಎಲ್ಲಾರೂ ಚಲೋನ ಅಂದ್ರ ಆರಿಸೂದು ಹೆಂಗ?"

"ಅದರಾಗೇನ ಆಶ್ಚರ್ಯ? ಅವ್ರ ಮನ್ಯಾಗ ಕುಂತು ಬಿಸಿ ರೊಟ್ಟಿ, ಎಣ್ಣಿಗಾಯಿ ಉಂಡು, ಹೊಂಟಾಗ ಆ ಯವ್ವ ಕೈಯಾಗ ಶೇಂಗಾ ಚಟ್ನಿಪುಡಿ ಇಟ್ಟಿರ್ತಾಳ. ಅಂಥಾಕಿಗೆ ಮೂರು ಸ್ಟಾರ್ ಕೊಡಾಕ ಯಾರ ಮನಸು ಒಪ್ಪತೈತಿ?"

ಒಪ್ಪುವುದಿಲ್ಲ. ಅದು ಸುಳ್ಳೂ ಅಲ್ಲ, ಋಣ. ಆದರೆ ಮುಂದೆ ಬರುವವರಿಗೆ ಆ ಐದು ಸ್ಟಾರ್‌ಗಳಲ್ಲಿ ರೊಟ್ಟಿ ಎಷ್ಟು, ರೂಮ್ ಎಷ್ಟು ಎಂದು ಬಿಡಿಸಿ ಕಾಣುವುದಿಲ್ಲ. ಅಳತೆಗೋಲೂ ತಾಣದಿಂದ ತಾಣಕ್ಕೆ ಬೇರೆ. ಬುಕಿಂಗ್ ಡಾಟ್ ಕಾಮ್ ಬಹುಕಾಲ ಹತ್ತಕ್ಕೆ ಅಂಕ ಕೊಡುತ್ತಿದ್ದರೂ ಅದರ ತಳ ಸೊನ್ನೆಯಲ್ಲ, 2.5 ಆಗಿತ್ತು. ಎಷ್ಟೇ ಕೆಟ್ಟ ರೂಮಿಗೂ ಅದಕ್ಕಿಂತ ಕಡಿಮೆ ಬೀಳುತ್ತಿರಲಿಲ್ಲ. 2019ರ ಸುಮಾರಿಗೆ ಆ ಪದ್ಧತಿ ಬದಲಾಯಿತು.

ಈ ಮಾತುಗಳೆಲ್ಲ ಸುಳ್ಳು ರಿವ್ಯೂ ಹಿಡಿಯುವ ಬಗ್ಗೆ ಆದವು. ಮಾಮ ಅಲ್ಲಿಂದ ಮಾತನ್ನು ಬೇರೆಡೆ ತಿರುಗಿಸಿದ, ಮತ್ತು ಈ ಸಂಭಾಷಣೆಯ ತಿರುಳು ಇರುವುದು ಅಲ್ಲಿಯೇ.

"ನೀ ಹೇಳಿದ್ದೆಲ್ಲಾ ಸುಳ್ಳು ಬರದೋರ ಕಥಿ. ಗಡ್ಡೀ ಕಥಿ ಏನ್ ಹೇಳ್ತಿ? ಅಲ್ಲಿ ಬರದೋರು ಖರೇನ ಬರದಿದ್ರು."

ವಿರೂಪಾಪುರ ಗಡ್ಡೆ ಎಂದರೆ ಹಂಪಿಯ ಎದುರಿಗೆ ತುಂಗಭದ್ರೆಯ ನಡುವೆ ಇರುವ ನಡುಗಡ್ಡೆ. ಪರದೇಶದವರ ಬಾಯಲ್ಲಿ 'ಹಿಪ್ಪಿ ಐಲ್ಯಾಂಡ್'. ಭತ್ತದ ಗದ್ದೆಗಳ ನಡುವೆ ಗುಡಿಸಲಿನಂಥ ರೂಮುಗಳು, ತೂಗುಮಂಚ, ನೆಲಕ್ಕೆ ಹಾಸಿದ ಗಾದಿಯ ಮೇಲೆ ಕೂತು ತಿನ್ನುವ ಹೋಟೆಲ್‌ಗಳು. ಇಸ್ರೇಲಿನಿಂದ, ಯುರೋಪಿನಿಂದ ಬಂದವರು ವಾರಗಟ್ಟಲೆ ಉಳಿಯುತ್ತಿದ್ದರು. ಉಳಿದವರು ಬರೆದದ್ದರಲ್ಲಿ ಕಪಟವಿರಲಿಲ್ಲ. ಸೂರ್ಯ ಮುಳುಗುವುದು ಚೆಂದವೇ ಇತ್ತು, ಊಟ ರುಚಿಯೇ ಇತ್ತು, ಮಾಲೀಕರು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು.

ಆದರೆ ಆ ನೆಲ ಸಂರಕ್ಷಿತ ಪ್ರದೇಶದ್ದು. 1988ರ ಅಕ್ಟೋಬರಿನಲ್ಲೇ ರಾಜ್ಯ ಸರ್ಕಾರ ಅದಕ್ಕೆ ಅಧಿಸೂಚನೆ ಹೊರಡಿಸಿತ್ತು. ಆಮೇಲೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆಯೂ ಬಂತು. ಅಲ್ಲಿಯ ವಾಣಿಜ್ಯ ಕಟ್ಟಡಗಳು ಅಕ್ರಮವೆಂದು ಕರ್ನಾಟಕ ಹೈಕೋರ್ಟ್ 2015ರಲ್ಲಿ ಹೇಳಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು ತೆರವಿಗೆ ಒಂದು ತಿಂಗಳ ಗಡುವು ಕೊಟ್ಟಿತು. ಮಾರ್ಚ್ ಮೊದಲ ವಾರ, ಹೋಳಿಗೆ ಇನ್ನೂ ಕೆಲವೇ ದಿನ ಇರುವಾಗ, ಜೆಸಿಬಿಗಳು ಗಡ್ಡೆಗೆ ಇಳಿದವು. ಆಚೆ ದಂಡೆಯಲ್ಲೂ ಇಂಥದ್ದು ಮೊದಲೇ ನಡೆದಿತ್ತು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರಿನ ಮನೆ, ಅಂಗಡಿಗಳನ್ನು ಕೆಡವಲಾಗಿತ್ತು.

"ಹೈಕೋರ್ಟ್ ಹೇಳಿದ ಮ್ಯಾಲೂ ಐದು ವರ್ಷ ಮಂದಿ ಬಂದ್ರು, ಉಳದ್ರು, ಸ್ಟಾರ್ ಕೊಟ್ರು," ಎಂದ ಮಾಮ. "ಒಬ್ರೂ ಕಾಗದಪತ್ರ ಕೇಳ್ಲಿಲ್ಲ. ಅವರ ತಪ್ಪು ಅನ್ನಂಗಿಲ್ಲ. ಉಳಕೊಂಡು ಹೋಗೋರಿಗೆ ಅದು ಹೆಂಗ ಕಾಣಬೇಕು?"

ಅತಿಥಿಗೆ ಕಾಣುವುದು ಹಾಸಿಗೆ, ನೀರು, ಊಟ, ನಗು. ಪರವಾನಗಿ ಕಾಣುವುದಿಲ್ಲ. ಬೆಂಕಿ ಹತ್ತಿದರೆ ಹೊರಬರಲು ಇನ್ನೊಂದು ಬಾಗಿಲು ಇದೆಯೇ ಎಂದು, ಬೆಂಕಿ ಹತ್ತದ ರಾತ್ರಿ ಯಾರೂ ನೋಡುವುದಿಲ್ಲ. ಹೊಳೆಯ ಸೆಳೆತ ದಂಡೆಯ ಮೇಲೆ ನಿಂತವರಿಗೆ ತಿಳಿಯುವುದಿಲ್ಲ. ಸಣಾಪುರದ ಬಂಡೆಗಳಿಂದ ನೀರಿಗೆ ಹಾರುವುದನ್ನು ಪ್ರವಾಸದ ದೊಡ್ಡ ಖುಷಿ ಎಂದು ಬರೆದವರು ಬಹಳ. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಅಲ್ಲಿ ಹಾಗೆ ಹಾರಿ, ಸೆಳೆತಕ್ಕೆ ಸಿಕ್ಕಿ ತೀರಿಕೊಂಡರು. ಕ್ಷೇಮವಾಗಿ ಮೇಲೆ ಬಂದವರಷ್ಟೇ ರಿವ್ಯೂ ಬರೆಯುತ್ತಾರೆ. ಬರಹಗಳ ರಾಶಿಯಲ್ಲಿ ಅಪಾಯ ಇರುವುದಕ್ಕಿಂತ ಚಿಕ್ಕದಾಗಿ ತೋರುವುದು ಇದರಿಂದಲೇ.

ಆಕೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಆ ಮಾರ್ಚ್‌ನ್ಯಾಗ ಆಗಿದ್ದು ಏನು ಅಂತ ಗೆಳತ್ಯಾರು ಕೇಳಾಕ ಹತ್ಯಾರ್ರಿ ಮಾಮಾ. ನಾ ಏನು ಹೇಳ್ಲಿ?"

ಅವಳು ಕೇಳಿದ್ದು 2025ರ ಮಾರ್ಚ್ 6ರ ರಾತ್ರಿಯ ಬಗ್ಗೆ. ಸಣಾಪುರದ ಬಳಿ ಕಾಲುವೆ ದಂಡೆಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲಾದವರಲ್ಲಿ ಒಡಿಶಾದ ಯುವಕ ಬದುಕಲಿಲ್ಲ. ಇಡೀ ಜಿಲ್ಲೆ ತಲೆತಗ್ಗಿಸಿದ ರಾತ್ರಿ ಅದು.

"ಮುಚ್ಚಿಡಬ್ಯಾಡ, ಇದ್ದದ್ದು ಹೇಳು," ಎಂದ ಮಾಮ. "ಊರಿಗೆ ಹತ್ತಿರ ಇರೋ ಮನಿ ನೋಡು. ಮಾಲೀಕರು ಅಲ್ಲೇ ವಾಸ ಇರಬೇಕು, ದಾರ್ಯಾಗ ದೀಪ ಇರಬೇಕು. ಸುತ್ತಾ ಯಾರೂ ಇಲ್ಲ, ಬರೇ ನಕ್ಷತ್ರ ಅಂತ ಬರದಿದ್ರ, ಅದ ಮಾತನ್ನ ಇನ್ನೊಮ್ಮೆ ಓದು. ಬರದೋರಿಗೆ ಅದು ಹೊಗಳಿಕಿ. ನಿಮ್ಮಂಥ ಹೆಣ್ಮಕ್ಕಳ ಗುಂಪಿಗೆ ಅದು ಕೇಳಬೇಕಾದ ಪ್ರಶ್ನೆ."

ಸುಳ್ಳು ರಿವ್ಯೂಗಳ ವಿಷಯದಲ್ಲಿ ಕಾಯ್ದೆ ಏನೂ ಮಾಡುವುದಿಲ್ಲವೇ ಎಂದೂ ಅವನು ಕೇಳಿದ. ವಾಣಿಜ್ಯ ಪಾಠ ಮಾಡುವವಳು ಅದಕ್ಕೆ ತಯಾರಿದ್ದಳು. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000:2022 ಎಂಬ ಮಾನಕ ತಂದಿದೆ. ರಿವ್ಯೂ ಬರೆದವರು ನಿಜವಾದ ವ್ಯಕ್ತಿಗಳೇ ಎಂದು ತಾಣಗಳು ಪರಿಶೀಲಿಸಬೇಕು, ಕೊಂಡುಕೊಂಡ ರಿವ್ಯೂ ಹಾಕಬಾರದು ಎನ್ನುತ್ತದೆ ಅದು. ಆದರೆ ಅದನ್ನು ಪಾಲಿಸುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿ ಬಂತು. 2023ರ ನವೆಂಬರಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಕೇಂದ್ರ ಸರ್ಕಾರ ಪಟ್ಟಿ ಮಾಡಿತು. ಸುಳ್ಳು ಆತುರ ಹುಟ್ಟಿಸುವುದು ಅವುಗಳಲ್ಲಿ ಒಂದು. ಅವಳ ಮೊಬೈಲಿನಲ್ಲಿ ಆಗಲೇ ಕೆಂಪಕ್ಷರದಲ್ಲಿ 'ಇನ್ನು ಎರಡೇ ರೂಮ್' ಎಂದು ಬರುತ್ತಿತ್ತು.

"ಆ್ಯಪ್ ತೋರಿಸೋ ಹೋಟೆಲ್ ಪಟ್ಟೀನೂ ಪೂರ್ತಿ ಅಲ್ರಿ," ಎಂದಳು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿದ್ದು ನೆನಪಿಸಿದಳು. ಓಯೋಗೆ ಪೈಪೋಟಿಯಾಗಿದ್ದ ಟ್ರೀಬೋ, ಫ್ಯಾಬ್‌ಹೋಟೆಲ್ಸ್‌ನ ರೂಮುಗಳನ್ನು ಮೇಕ್‌ಮೈಟ್ರಿಪ್ ತನ್ನ ಪಟ್ಟಿಯಿಂದ ತೆಗೆದದ್ದೂ ಆ ಪ್ರಕರಣದಲ್ಲಿತ್ತು. ಪಟ್ಟಿಯಲ್ಲೇ ಇಲ್ಲದ ಹೋಟೆಲ್‌ನ ರಿವ್ಯೂ ಯಾರೂ ಓದುವುದಿಲ್ಲ.

ಇದ್ದೂ ಕಾಣದಿರುವುದು ನವಲಿಯವರಿಗೆ ಹೊಸದಲ್ಲ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಈ ಸೀಮೆಯದು. ಆದರೆ ಹಂಪಿಗೆ ಬಂದವರಲ್ಲಿ ಎಷ್ಟು ಮಂದಿ ಕನಕಾಚಲಪತಿ ಗುಡಿಯ ಕಂಬಗಳ ಮುಂದೆ ನಿಲ್ಲುತ್ತಾರೆ? ರಿವ್ಯೂಗಳ ಸಂಖ್ಯೆ ಜನ ಎಲ್ಲಿ ಹೋದರು ಎಂಬುದನ್ನು ಎಣಿಸುತ್ತದೆ, ಎಲ್ಲಿ ಹೋಗಬೇಕಿತ್ತು ಎಂಬುದನ್ನಲ್ಲ.

"ಹಂಗಾರ ಈ ರಿವ್ಯೂ ಓದೂದ ಬ್ಯಾಡೇನ್ರಿ?"

"ಅಂದವ್ರ್ಯಾರು? ಓದು. ಆದ್ರ ನಿನ್ನ ಗೆಳತಿ ಅವ್ವನ ಮಂಡಿ ನೆನಪಿನ್ಯಾಗ ಇಟಗೊಂಡು ಓದು."

ಆ ಮಾತು ಅವಳಿಗೆ ಹಿಡಿಸಿತು. ಇಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಆರಾಮಾಗಿ ಹತ್ತಬಹುದು ಎಂದು ಬರೆದವರ ವಯಸ್ಸು ಆ ಸಾಲಿನಲ್ಲಿ ಇರುವುದಿಲ್ಲ. ಅವಳು 4.8ರ ರೆಸಾರ್ಟ್‌ಗೆ ಮರಳಿ, ಐದು ಸ್ಟಾರ್‌ಗಳನ್ನೂ ಒಂದು ಸ್ಟಾರ್‌ಗಳನ್ನೂ ಬಿಟ್ಟು, ಮೂರು ಕೊಟ್ಟವರನ್ನು ಮಾತ್ರ, ಹೊಸದರಿಂದ ಹಳೆಯದರ ಕಡೆಗೆ, ಓದತೊಡಗಿದಳು. ಮೂರು ಕೊಡುವವರಿಗೆ ಸಾಮಾನ್ಯವಾಗಿ ಹೊಗಳುವ ಋಣವೂ ಇರುವುದಿಲ್ಲ, ಬೈಯುವ ಹಟವೂ ಇರುವುದಿಲ್ಲ. ನಾಲ್ಕನೆಯದರಲ್ಲಿ ಸಿಕ್ಕಿತು: ರೂಮುಗಳೆಲ್ಲ ಬಂಡೆಯ ಮೇಲೆ, ಕಲ್ಲಿನ ಮೆಟ್ಟಿಲು ಕಡಿದು, ಹಿಡಿದುಕೊಳ್ಳಲು ಕಂಬಿ ಇಲ್ಲ. ನೂರಾರು ಹೊಗಳಿಕೆಗಳಲ್ಲಿ ಅದೇ ಎತ್ತರ 'ಅದ್ಭುತ ನೋಟ' ಆಗಿತ್ತು.

ಅದನ್ನು ಬಿಟ್ಟು ಆನೆಗೊಂದಿಯ ಒಂದು ಮನೆ ಹಿಡಿದಳು. ಸರಾಸರಿ 4.1. ದೂರುಗಳು ಎರಡೇ ಬಗೆ: ಟಿವಿ ಇಲ್ಲ, ರಾತ್ರಿ ಒಂಬತ್ತಕ್ಕೆ ಗೇಟ್ ಹಾಕುತ್ತಾರೆ. ಒಬ್ಬರು ಹಾಕಿದ್ದ ಫೋಟೋದಲ್ಲಿ ರೂಮಿನ ಬಾಗಿಲು ನೇರ ಅಂಗಳಕ್ಕೆ ತೆರೆದಿತ್ತು.

"ಒಂಬತ್ತಕ್ಕ ಗೇಟ್ ಹಾಕ್ತಾರಂತ," ಎಂದಳು.

"ಹಾಕ್ಲಿ, ಚಲೋನ ಆತು. ಫೋನ್ ಹಚ್ಚು."

ಮಾಲೀಕರು ಮೂರನೇ ರಿಂಗ್‌ಗೆ ಎತ್ತಿದರು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ಆಕೆ ಮೊದಲು ಕೇಳಿದಳು. ಇದೆ ಎಂದು ಪ್ರಮಾಣಪತ್ರದ ಫೋಟೋ ಕಳಿಸಿದರು. ನೆಲಮಹಡಿಯಲ್ಲಿ ಎರಡು ರೂಮ್ ಕೊಡುತ್ತೇವೆ ಅಂದರು. ತಾವು ಮನೆಮಂದಿಯೆಲ್ಲ ಹಿಂದಿನ ಮನೆಯಲ್ಲೇ ಇರುತ್ತೇವೆ ಅಂದರು. ಬಚ್ಚಲಿಗೆ ಮೆಟ್ಟಿಲು ಇದೆಯೇ ಎಂದಾಗ ಮಾತ್ರ, "ಇಲ್ರಿ... ಅಂದ್ರ ಸಣ್ಣದೊಂದು ಐತ್ರಿ" ಎಂದರು.

"ಸಣ್ಣದು ಅಂದ್ರ ಎಷ್ಟು?" ಮಾಮ ಪಕ್ಕದಿಂದ ಕೇಳಿದ. ಆ ಕಡೆಯಿಂದ ಸರಿಯಾದ ಉತ್ತರ ಬರಲಿಲ್ಲ.

"ನಾಳೆ ಆನೆಗೊಂದಿಗೆ ಬಾಡಿಗಿ ಐತಿ ನಂದು," ಎಂದ ಅವನು, ಫೋನ್ ಇಟ್ಟ ಮೇಲೆ. "ಹೊಕ್ಕು ನೋಡಿ ಬರ್ತೀನಿ."

"ಬಚ್ಚಲದ್ದು ಫೋಟೋ ಹೊಡಕೊಂಡು ಬರ್ರಿ ಮಾಮಾ. ಮೆಟ್ಟಿಲ ಬಾಜೂಕ ನಿಮ್ಮ ಚಪ್ಪಲಿ ಇಟ್ಟು ಹೊಡೀರಿ, ಎತ್ತರ ಗೊತ್ತಾಗತೈತಿ. ಆಮ್ಯಾಲೆ ಬುಕ್ ಮಾಡ್ತೀನಿ."